ತಕಿಟ ತಕಿಟ ತಕದಿಮಿ, ಮೆಹದಿಪಟ್ಟಣಂ

ರಾತ್ರಿ ಒಂಬತ್ತೂವರೆ. ಮೆಹದಿಪಟ್ಟಣಂ ರೈತು ಬಜಾರ್ ದಾಟಿದ ಆಟೋ ನಿಂತದ್ದು ನಿಂತೇ ಇತ್ತು. ನೆತ್ತಿಯ ಮೇಲೆ ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ, ಮುಂದೆ ಯಾರದೋ ಮದುವೆಯ ಬಾರಾತು, ಹಿಂದೆ ಹಾರ್ನ್ ಒತ್ತುತ್ತಿದ್ದ ಅರ್ಧ ಹೈದರಾಬಾದು. ನನ್ನ ಎರಡೂ ಕಿವಿಯಲ್ಲಿ ಇಯರ್‌ಫೋನು. ಅದರೊಳಗೆ ಘಾನಾದ ಅಕ್ರಾ ಊರಿನ ಇ.ಟಿ. ಮೆನ್ಸಾ ಮತ್ತು ಅವರ ಟೆಂಪೋಸ್ ತಂಡ, ಹಾಡು ‘ಆಲ್ ಫಾರ್ ಯೂ’. ಆಟೋದವನು ಹಿಂದೆ ತಿರುಗಿ ಏನೋ ಅಂದ. ಬಲಗಿವಿಯದನ್ನು ಕಿತ್ತೆ.

“ಮರ್ಫಾ ಹೈ ಸಾಬ್. ಟೈಮ್ ಲಗತಾ.”

ಅಷ್ಟರಲ್ಲಿ ಅದು ನಡೆದುಹೋಯಿತು! ಎಡಗಿವಿಯಲ್ಲಿ ಅಕ್ರಾ, ಬಲಗಿವಿಯಲ್ಲಿ ಮೆಹದಿಪಟ್ಟಣಂ. ಒಂದು ಕಡೆ ಎಪ್ಪತ್ತು ವರ್ಷ ಹಳೆಯ ರೆಕಾರ್ಡಿನಲ್ಲಿ ಕಹಳೆಗಳ ಬೆನ್ನ ಹಿಂದೆ ಸಣ್ಣಗೆ ಕುಟ್ಟುತ್ತಿದ್ದ ತಾಳ. ಇನ್ನೊಂದು ಕಡೆ, ಕುದುರೆಯ ಮುಂದೆ ಕುಣಿಯುತ್ತಿದ್ದ ಹುಡುಗರ ನಡುವೆ ಒಬ್ಬ ಪೋರ ಸ್ಟೀಲ್ ಕೊಡವನ್ನು ಕಂಕುಳಲ್ಲಿ ಒತ್ತಿ ಹಿಡಿದು ಬಾರಿಸುತ್ತಿದ್ದ ಪೆಟ್ಟು. ಎರಡೂ ಬಂದು ಒಂದರ ಮೇಲೊಂದು ಕೂತವು, ಮುಚ್ಚಳ ಡಬ್ಬಿಗೆ ಕೂರುವ ಹಾಗೆ. ನಾಲ್ಕೇ ಆವರ್ತ ಇರಬಹುದು. ಆಮೇಲೆ ಮರ್ಫಾದವರು ವೇಗ ಏರಿಸಿದರು, ಮೆನ್ಸಾ ಹಿಂದೆ ಬಿದ್ದರು. ಆದರೆ ಆ ನಾಲ್ಕು ಆವರ್ತಕ್ಕೆ ನನ್ನ ಮೈಮೇಲೆ ಎದ್ದ ರೋಮ ಮನೆ ಮುಟ್ಟಿದರೂ ಮಲಗಲಿಲ್ಲ.

ಕಾಕತಾಳೀಯ ಅನ್ನಿ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೂ ಆ ರಾತ್ರಿಯಿಂದ ಶುರುವಾದ ಹುಡುಕಾಟದಲ್ಲಿ ಸಿಕ್ಕಿದ್ದನ್ನೆಲ್ಲ ಹೇಳದೆ ಇರಲಾರೆ.

ಮೊದಲು ಬೆರಳು ಬಿಡಿಸಿ. ಹದಿನಾರು ಅಕ್ಷರ ಎಣಿಸಬೇಕು, ನಮ್ಮ ಕೊನ್ನಕ್ಕೋಲಿನ ಲೆಕ್ಕದಲ್ಲಿ: ತಕಿಟ, ತಕಿಟ, ತಕದಿಮಿ, ತಕ, ತಕದಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಪ್ರತಿ ಪದದ ಮೊದಲ ಅಕ್ಷರಕ್ಕೆ ಮಾತ್ರ ಒಂದು ಚಪ್ಪಾಳೆ, ಮಿಕ್ಕಲ್ಲಿ ಕೈ ಸುಮ್ಮನೆ. ಐದು ಪೆಟ್ಟು ಬಿತ್ತಲ್ಲ? ಅಕ್ರಾದ ಗಾ ಜನರ ‘ಪಾನ್‌ಲೋಗೋ’ ಕುಣಿತದಲ್ಲಿ ಕಬ್ಬಿಣದ ಗಂಟೆ ನುಡಿಯುವುದು ಇದನ್ನೇ. ಗುಲಾಮರ ಹಡಗುಗಳು ಮುಟ್ಟಿದ ಕ್ಯೂಬಾದಲ್ಲಿ ಇದರ ಹೆಸರು ಕ್ಲಾವೆ, ಅಲ್ಲಿನ ಹಾಡುಗಳ ಬೆನ್ನುಮೂಳೆ. ಇದರ ಮೊದಲ ಮೂರು ಪೆಟ್ಟಿನ ಅರ್ಧ ನ್ಯೂ ಆರ್ಲಿಯನ್ಸ್‌ನ ಬೀದಿ ಮೆರವಣಿಗೆಯ ಬ್ಯಾಂಡುಗಳಲ್ಲಿ, ಆಮೇಲೆ ಜಾಝ್‌ನಲ್ಲಿ, ಆಮೇಲೆ ರಾಕ್ ಅಂಡ್ ರೋಲ್‌ನಲ್ಲಿ ಎಲ್ಲಿ ಕೇಳಿದರೂ ತಲೆ ಹಾಕುತ್ತದೆ. ತಕಿಟ ತಕಿಟ ಎಂದು ಬಾಯಲ್ಲಿ ಹೇಳುತ್ತಲೇ ಅಟ್ಲಾಂಟಿಕ್ ದಾಟಿಬಿಡಬಹುದು!

ಈ ಲೆಕ್ಕ ನನಗೆ ಕಲಿಸಿದವನು ಬೆಂಗಳೂರಿನಲ್ಲಿರುವ ನನ್ನ ಗೆಳೆಯ, ಘಟ ನುಡಿಸುತ್ತಾನೆ. ಜಾಝ್ ಹುಚ್ಚು ಹಿಡಿಸಿದವನೂ ಅವನೇ, 1983ರ ‘ಜ್ಯೋತಿ’ ಎಂಬ ರೆಕಾರ್ಡು ಕೇಳಿಸಿ. ಬಾಸ್ಟನ್‌ನಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿ ಬಂದಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಮತ್ತು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಕಂಠ. ಜರ್ಮನಿಯ ಇಸಿಎಂ ಕಂಪನಿ ಹೊರತಂದ ಆ ರೆಕಾರ್ಡಿನಲ್ಲಿ ಸ್ಯಾಕ್ಸೊಫೋನು ಸ್ವರಕಲ್ಪನೆಗೆ ಎದುರು ನಿಂತು ಮಾತಾಡುತ್ತದೆ. ಅದನ್ನು ಕೇಳಿದವನಿಗೆ ಜಾಝ್ ಪರದೇಶದ್ದು ಅನ್ನಿಸುವುದು ನಿಂತುಹೋಗುತ್ತದೆ. ನನಗಂತೂ ಹಾಗಾಯಿತು. ಅಲ್ಲಿಂದ ಒಂದೊಂದೇ ಬಾಗಿಲು ತೆರೆದುಕೊಂಡು ಅಕ್ರಾ ತಲುಪಿದೆ.

ಅಕ್ರಾದ ಕತೆಯನ್ನಂತೂ ಅವಸರದಲ್ಲಿ ಹೇಳುವ ಹಾಗಿಲ್ಲ. 1956ರ ಮೇ ತಿಂಗಳು. ದೇಶಕ್ಕಿನ್ನೂ ಘಾನಾ ಎಂಬ ಹೆಸರು ಬಂದಿಲ್ಲ, ಬ್ರಿಟಿಷರ ಗೋಲ್ಡ್ ಕೋಸ್ಟ್. ಸ್ವಾತಂತ್ರ್ಯಕ್ಕೆ ಹತ್ತು ತಿಂಗಳು ಬಾಕಿ. ವಿಮಾನ ನಿಲ್ದಾಣದಲ್ಲಿ ಹೈಲೈಫ್ ಎಂಬ ಕುಣಿತದ ಸಂಗೀತ ನುಡಿಸುವ ಊರಿನ ತಂಡಗಳ ವಾದಕರೆಲ್ಲ ತಮ್ಮ ಕಹಳೆ, ಡೋಲು ಹೊತ್ತು ಬಂದು ನಿಂತಿದ್ದಾರೆ. ವಿಮಾನದಿಂದ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಇಳಿಯುತ್ತಾರೆ. ಇವರು ‘ಆಲ್ ಫಾರ್ ಯೂ’ ರಾಗ ಎತ್ತುತ್ತಾರೆ, ಪದ ಬದಲಿಸಿ ‘ಲೂಯಿ’ ಎಂಬ ಹೆಸರು ಸೇರಿಸಿ. ಆ ಅತಿಥಿ ಕೈಕುಲುಕುತ್ತ ನಿಲ್ಲುವ ಪೈಕಿ ಅಲ್ಲ. ತಮ್ಮ ಟ್ರಂಪೆಟ್ ತೆಗೆದರು, ತುಟಿಗಿಟ್ಟರು, ಸೇರಿಕೊಂಡರು!

ಆ ರಾಗದ ಜಾತಕ ಇನ್ನೂ ಸೋಜಿಗದ್ದು. ಅದು ಮೂಲದಲ್ಲಿ ಕೆರಿಬಿಯನ್ ದ್ವೀಪಗಳ ಜನಪದ ಧಾಟಿ ಎನ್ನುತ್ತಾರೆ ಬಲ್ಲವರು. ಅಂದರೆ ಆಫ್ರಿಕಾದಿಂದ ಸಂಕೋಲೆಯಲ್ಲಿ ಹೋದವರ ಮಕ್ಕಳು ದ್ವೀಪದಲ್ಲಿ ಕಟ್ಟಿದ ಧಾಟಿ ಹಡಗು ಹತ್ತಿ ಆಫ್ರಿಕಾಕ್ಕೆ ಮರಳಿ, ಅಲ್ಲಿನ ಹೈಲೈಫ್ ಆಗಿ, ಅದೇ ಸಂಕೋಲೆಯವರ ಇನ್ನೊಬ್ಬ ಮೊಮ್ಮಗ, ನ್ಯೂ ಆರ್ಲಿಯನ್ಸ್‌ನವರು, ಬಂದಿಳಿದಾಗ ಅವರನ್ನೇ ಎದುರುಗೊಂಡಿತು. ಕಳೆದುಹೋದ ಹಸು ಕರುವಿನೊಂದಿಗೆ ಹಟ್ಟಿಗೆ ಬಂದ ಹಾಗೆ.

ಹಳೆಯ ಪೋಲೋ ಮೈದಾನದ ಬಯಲು ಕಛೇರಿಗೆ ಸುಮಾರು ಒಂದು ಲಕ್ಷ ಜನ ಸೇರಿದ್ದರೆಂದು ಆಗಿನ ವರದಿಗಳು ಹೇಳುತ್ತವೆ. ಅಲ್ಲಿ ಕುಣಿಯುತ್ತಿದ್ದ ಒಬ್ಬ ಹೆಂಗಸನ್ನು ನೋಡಿ ಆರ್ಮ್‌ಸ್ಟ್ರಾಂಗ್‌ಗೆ ತೀರಿಹೋದ ತಮ್ಮ ತಾಯಿಯೇ ಎದುರು ಬಂದಂತಾಯಿತಂತೆ. ತನ್ನ ಹಿರೀಕರು ಇಲ್ಲಿಯವರೇ ಎಂದು ಅವರಿಗೆ ಆಗ ಖಾತ್ರಿಯಾಯಿತು. ಇನ್ನೊಂದು ಕಛೇರಿಯಲ್ಲಿ ಪ್ರಧಾನಿ ಎನ್‌ಕ್ರುಮಾ ಎದುರಿಗೆ ಕೂತಿದ್ದಾಗ ಅವರು ಕಪ್ಪು ಬಣ್ಣದ ಸಂಕಟದ ಹಾಡೊಂದನ್ನು ಹಾಡಿದರು. ‘ಸ್ಯಾಚ್‌ಮೊ ದ ಗ್ರೇಟ್’ ಎಂಬ ಸಾಕ್ಷ್ಯಚಿತ್ರದಲ್ಲಿ ಎನ್‌ಕ್ರುಮಾ ಮುಖ ಕಾಣುತ್ತದೆ. ಸಾಧ್ಯವಾದರೆ ನೋಡಿ. ಮೆನ್ಸಾರ ಪ್ಯಾರಾಮೌಂಟ್ ಕ್ಲಬ್ಬಿನಲ್ಲಿ ಆರ್ಮ್‌ಸ್ಟ್ರಾಂಗ್, ಮೆನ್ಸಾ ಇಬ್ಬರೂ ಕೂಡಿ ನುಡಿಸಿದರು. ಅಂದಹಾಗೆ ಹೈಲೈಫ್‌ನ ರಾಜ ಎಂದೇ ಹೆಸರಾದ ಮೆನ್ಸಾ ವೃತ್ತಿಯಿಂದ ಔಷಧಿಶಾಸ್ತ್ರಜ್ಞ. ಹಗಲು ಮಾತ್ರೆ, ರಾತ್ರಿ ಟ್ರಂಪೆಟ್!

ಮೆನ್ಸಾರ ಟೆಂಪೋಸ್‌ನಲ್ಲಿ ಹಿಂದೆ ಡ್ರಮ್ಸ್ ಹೊಡೆದಿದ್ದ ಒಬ್ಬ ಹಟಮಾರಿ ಇದ್ದ, ಗೈ ವಾರೆನ್. 1923ರಲ್ಲಿ ಅಕ್ರಾದಲ್ಲಿ ಹುಟ್ಟಿದವನು. ಅಮೆರಿಕದವರು ಆಫ್ರಿಕಾಕ್ಕೆ ಬರಲಿ ಎಂದು ಇವನು ಕಾಯಲಿಲ್ಲ. ತಾನೇ ಶಿಕಾಗೋಗೆ ಹೋಗಿ, ಅಲ್ಲಿನ ರೆಡ್ ಸಾಂಡರ್ಸ್ ತಂಡದೊಂದಿಗೆ ‘ಆಫ್ರಿಕಾ ಸ್ಪೀಕ್ಸ್, ಅಮೆರಿಕಾ ಆನ್ಸರ್ಸ್’ ಎಂಬ ರೆಕಾರ್ಡು ಮಾಡಿದ. ಹೆಸರಿನ ಗತ್ತು ನೋಡಿ: ಮಾತಾಡುವುದು ಆಫ್ರಿಕಾ, ಅಮೆರಿಕ ಬರೀ ಉತ್ತರ ಕೊಡುತ್ತದೆ. ಅವನಿಗೆ ಸಲ್ಲಬೇಕಾದಷ್ಟು ಅಲ್ಲಿ ಸಲ್ಲಲಿಲ್ಲ. ಕೊನೆಗೆ ಊರಿಗೆ ಮರಳಿ ಹೆಸರನ್ನೇ ಘಾನಾಬಾ ಎಂದು ಬದಲಿಸಿಕೊಂಡ. ಆದರೆ ಅವನ ಒಂದು ರಚನೆ ಅಮೆರಿಕದಲ್ಲಿ ಉಳಿಯಿತು. ಪಿಯಾನೋ ವಾದಕ ರಾಂಡಿ ವೆಸ್ಟನ್ 1963ರಲ್ಲಿ ‘ಹೈಲೈಫ್’ ಎಂದೇ ಹೆಸರಿಟ್ಟು ತಂದ ರೆಕಾರ್ಡಿನಲ್ಲಿ ಅದನ್ನು ನುಡಿಸಿದರು. ನೈಜೀರಿಯಾದ ಫೆಲಾ ಕೂಟಿ ಲಂಡನ್ನಿನಲ್ಲಿ ಓದಿ ಬಂದು ತನ್ನ ಮೊದಲ ತಂಡಕ್ಕೆ ‘ಹೈಲೈಫ್ ಜಾಝ್’ ಎಂಬ ಪಟ್ಟಿ ಅಂಟಿಸಿದ್ದೂ ಅದೇ ದಶಕದಲ್ಲಿ.

ನನಗೆ ನಿದ್ದೆ ಕೆಡಿಸಿದ್ದು ಹೈಲೈಫ್ ಹುಟ್ಟಿದ ಜಾಗ. ಹಳ್ಳಿಯ ಬೇಲಿಯಲ್ಲಿ ತಾನಾಗಿ ಹಬ್ಬಿದ ಬಳ್ಳಿ ಇರಬೇಕು ಎಂದುಕೊಂಡಿದ್ದೆ. ಅಲ್ಲವೇ ಅಲ್ಲ. ಅದರ ಒಂದು ಬೇರು ಸಮುದ್ರದಲ್ಲಿ, ಹಡಗುಗಳಲ್ಲಿ ದುಡಿಯುತ್ತಿದ್ದ ಕ್ರೂ ನಾವಿಕರ ಗಿಟಾರಿನಲ್ಲಿ. ಇನ್ನೊಂದು, ದಪ್ಪನೆಯದು, ಕೋಟೆಯಲ್ಲಿ! 1870ರ ದಶಕದಲ್ಲಿ ಅಶಾಂತಿಗಳ ಮೇಲಿನ ಯುದ್ಧಕ್ಕೆಂದು ಬ್ರಿಟಿಷರು ವೆಸ್ಟ್ ಇಂಡೀಸಿನ ಕರಿಯ ಸೈನಿಕರನ್ನು ಅಲ್ಲಿಯ ಕರಾವಳಿ ಕೋಟೆಗಳಿಗೆ ತಂದಿಳಿಸಿದರು. ಕವಾಯತು ಮುಗಿದ ಮೇಲೆ ಆ ಸೈನಿಕರು ಬ್ಯಾಂಡಿನ ಹಿತ್ತಾಳೆ ವಾದ್ಯಗಳಲ್ಲಿ ತಮ್ಮ ದ್ವೀಪಗಳ ಹಾಡು ನುಡಿಸತೊಡಗಿದರು. ಕೇಳಿಸಿಕೊಂಡ ಸ್ಥಳೀಯ ಬ್ಯಾಂಡಿನವರು, ಅವರಿಗೆ ಅವರ ಹಾಡಾದರೆ ನಮಗೆ ನಮ್ಮದು ಎಂದು ಹೊಸದೊಂದು ಕುಣಿತದ ಸಂಗೀತ ಕಟ್ಟಿದರು. ಅದೇ ಮುಂದೆ ಊರ ಕ್ಲಬ್ಬುಗಳನ್ನು ಸೇರಿತು. ಒಳಗೆ ಟೋಪಿ ಕೋಟಿನ ಸಾಹೇಬರು, ಹೊರಗೆ ಟಿಕೆಟ್ಟಿಗೆ ಕಾಸಿಲ್ಲದ ಜನ. ‘ಹೈಲೈಫ್’ ಎಂದು ಹೆಸರಿಟ್ಟವರು ಒಳಗಿದ್ದವರಲ್ಲ, ಹೊರಗೆ ನಿಂತು ಇಣುಕಿದವರು.

ಅತ್ತ ಅಮೆರಿಕದಲ್ಲೂ ಹಾಗೆಯೇ. ಅಂತರ್ಯುದ್ಧದ ನಂತರದ ನ್ಯೂ ಆರ್ಲಿಯನ್ಸ್‌ನಲ್ಲಿ ಮಿಲಿಟರಿ ಧಾಟಿಯ ಹಿತ್ತಾಳೆ ಬ್ಯಾಂಡುಗಳು ಕರಿಯರ ಶವಯಾತ್ರೆಗೂ ಹಬ್ಬಕ್ಕೂ ಬಂದವು. ಪುಟ್ಟ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ಕಲಿತದ್ದು ಬಾಲಾಪರಾಧಿಗಳ ವಸತಿಗೃಹದಲ್ಲಿ, ಶಿಸ್ತಿನ ಬ್ಯಾಂಡ್ ಮೇಳದಲ್ಲಿ.

ಸೈನ್ಯ! ಎರಡೂ ಕಡೆ ಸೈನ್ಯ. ಈ ಪದ ತಲೆಗೆ ಬಂದದ್ದೇ ತಡ, ನಾನು ಕೂತ ಜಾಗದಿಂದ ಎದ್ದು ನಿಂತೆ. ಯಾಕೆಂದರೆ ಮೆಹದಿಪಟ್ಟಣಂ ಬಸ್ ನಿಲ್ದಾಣದಿಂದ ಲಕ್ಡಿಕಾಪೂಲ್ ಬಸ್ಸು ಹತ್ತಿ, ಸರೋಜಿನಿ ದೇವಿ ಕಣ್ಣಾಸ್ಪತ್ರೆ, ಮಾಸಾಬ್ ಟ್ಯಾಂಕ್ ದಾಟಿದರೆ ಸುಮಾರು ಮೂರು ಕಿಲೋಮೀಟರಿನಲ್ಲಿ ಸಿಗುವ ಬಡಾವಣೆಯ ಹೆಸರನ್ನು ಎಷ್ಟು ಸಲ ಕಂಡಕ್ಟರ್ ಬಾಯಲ್ಲಿ ಕೇಳಿಲ್ಲ! ಎ.ಸಿ. ಗಾರ್ಡ್ಸ್. ಏರ್ ಕಂಡೀಶನಿನ ಎ.ಸಿ. ಎಂದೇ ಬಹಳ ದಿನ ನಂಬಿದ್ದೆ, ನಗಬೇಡಿ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್! ನಿಜಾಮನ ಅಂಗರಕ್ಷಕ ಅಶ್ವದಳ, ಕುದುರೆಯ ಮೇಲೆ ಕೂತ ಆಫ್ರಿಕದ ಸಿದ್ದಿಗಳು. ವನಪರ್ತಿಯ ರಾಜ ಕಟ್ಟಿದ್ದ ಆಫ್ರಿಕನ್ ಪಡೆ 19ನೇ ಶತಮಾನದಲ್ಲಿ ನಿಜಾಮನ ಕೈ ಸೇರಿತು. ಜುಬಿಲಿ, ಈದ್, ದರ್ಬಾರು, ಎಲ್ಲಕ್ಕೂ ಮುಂದೆ ಇವರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು, 1951ರಲ್ಲಿ ಪಡೆಯನ್ನು ವಿಸರ್ಜಿಸಿದರು. ಕುದುರೆ ಹೋಯಿತು, ಸಮವಸ್ತ್ರ ಹೋಯಿತು, ಸಂಬಳ ಹೋಯಿತು. ಜನ ಅಲ್ಲೇ ಉಳಿದರು. ಅವರ ಜೊತೆ ಡೋಲುಗಳೂ.

ಆ ಡೋಲುಗಳೇ ಮರ್ಫಾ.

ಸಿದ್ದಿಗಳದೂ, ಯೆಮೆನಿನ ಹದ್ರಮೌತ್‌ನಿಂದ ನಿಜಾಮನ ಸೈನ್ಯಕ್ಕೆ ಬಂದ ಅರಬರದೂ ಕೂಡುಸೊತ್ತು ಇದು. ಆ ಅರಬರ ಮೊಮ್ಮಕ್ಕಳನ್ನು ಇಲ್ಲಿ ಚಾವೂಶ್ ಎನ್ನುತ್ತಾರೆ, ಅವರ ನೆಲೆ ಬಾರ್ಕಸ್; ಆ ಹೆಸರೂ ಬ್ಯಾರಕ್ಸ್‌ನಿಂದ ಬಂದದ್ದೇ, ಮತ್ತೆ ಸೈನ್ಯ ನೋಡಿ. ಕೋಲಿನಿಂದ ಬಡಿಯುವ ಡೋಲು, ಅಂಗೈಯಲ್ಲಿ ತಟ್ಟುವ ಡಫ್, ತಾಪಿ ಎಂಬ ಮರದ ಪಟ್ಟಿ, ಮತ್ತು ನಮ್ಮ ಅಡುಗೆಮನೆಯದೇ ಸ್ಟೀಲ್ ಕೊಡ. ಹಳೆಯ ಪತ್ರಿಕೆ ಹೊತ್ತಿಸಿ ಡಫ್‌ನ ತೊಗಲು ಕಾಯಿಸುವುದನ್ನು ಮೆಹದಿಪಟ್ಟಣಂನ ಯಾವುದೇ ಫಂಕ್ಷನ್ ಹಾಲಿನ ಹೊರಗೆ ನೋಡಬಹುದು. ಒಮ್ಮೆ ಶುರುವಾದರೆ ಕತ್ತಿ ಝಳಪಿಸುವ ಕುಣಿತ, ಭುಜ ಕುಲುಕಿಸುವ ಕುಣಿತ. ಮದುಮಗನ ಚಿಕ್ಕಪ್ಪಂದಿರು ಮಂಡಿನೋವು ಮರೆತು ರಸ್ತೆಗಿಳಿಯುತ್ತಾರೆ. ತೆಲಂಗಾಣದ ಹಲಗೆಯ ಜೊತೆ ಬೆರೆತು ಇದೇ ‘ತೀನ್‌ಮಾರ್’ ಆಯಿತು ಎನ್ನುತ್ತಾರೆ. ಬೋನಾಲು ಹಬ್ಬಕ್ಕೂ ಗಣೇಶನ ನಿಮಜ್ಜನಕ್ಕೂ ಅದಿಲ್ಲದೆ ಹೈದರಾಬಾದಿನಲ್ಲಿ ಹೆಜ್ಜೆ ಏಳುವುದಿಲ್ಲ. ನಿಜಾಮನ ಆಫ್ರಿಕನ್ ಕಾವಲುಗಾರರ ತಾಳಕ್ಕೆ ಗಣಪತಿ ಹುಸೇನ್ ಸಾಗರಕ್ಕೆ ಹೋಗುತ್ತಾನೆ. ಇದನ್ನು ಯಾರೂ ಯಾಕೆ ಕೂಗಿ ಹೇಳಿಲ್ಲ?

ತೀನ್‌ಮಾರ್ ಎಂದರೆ ಮೂರು ಪೆಟ್ಟು. ಕ್ಲಾವೆಯ ಮೊದಲರ್ಧವೂ ಮೂರೇ ಪೆಟ್ಟು. ಇಲ್ಲಿ ನನ್ನ ಕುದುರೆಗೆ ನಾನೇ ಕಡಿವಾಣ ಹಾಕಬೇಕು. ಹೆಸರು ಕೂಡಿದ ಮಾತ್ರಕ್ಕೆ ನಂಟಸ್ತನ ಆಗುವುದಿಲ್ಲ. ಘಾನಾ ಆಫ್ರಿಕದ ಪಡುವಣದಲ್ಲಿದೆ; ಹೈದರಾಬಾದಿನ ಸಿದ್ದಿಗಳು ಮೂಡಣ ಕರಾವಳಿಯ ಕಡೆಯವರು. ನಡುವೆ ಒಂದು ಇಡೀ ಖಂಡ. ಸಂಗೀತಶಾಸ್ತ್ರ ಬಲ್ಲವರ ಮುಂದೆ ನನ್ನ ಎರಡು ಕಿವಿಯ ಸಾಕ್ಷ್ಯ ನಿಲ್ಲುವುದಿಲ್ಲ.

ಹಾಗೆಂದು ಸುಮ್ಮನಾಗುವಷ್ಟರಲ್ಲಿ ಯಲ್ಲಾಪುರ ನೆನಪಾಯಿತು. ನಮ್ಮ ಉತ್ತರ ಕನ್ನಡದ ಸಿದ್ದಿಗಳು, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನವರು, ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿದವರ ವಂಶ, ಡಮಾಮಿ ಬಾರಿಸಿ ಕುಣಿಯುವವರು. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಭಾರತದ ಸಿದ್ದಿಗಳಲ್ಲಿ ಬಂಟು ಮೂಲವನ್ನು ಗುರುತಿಸಿತು. ಬಂಟು ಜನ ಯಾರು? ಸಾವಿರಾರು ವರ್ಷಗಳ ಹಿಂದೆ ಇಂದಿನ ನೈಜೀರಿಯಾ ಮತ್ತು ಕ್ಯಾಮರೂನ್ ಗಡಿಯಿಂದ, ಅಂದರೆ ಪಡುವಣದಿಂದಲೇ ಹೊರಟು, ತಲೆಮಾರು ತಲೆಮಾರಾಗಿ ಖಂಡ ದಾಟಿ ಮೂಡಣ ಕರಾವಳಿ ಮುಟ್ಟಿದವರು! ಬೇರು ಒಂದು ಕಡೆಯದು. ಒಂದು ಕವಲು ಅಟ್ಲಾಂಟಿಕ್ ದಾಟಿ ಜಾಝ್ ಕಡೆಗೆ ನಡೆಯಿತು, ಇನ್ನೊಂದು ಖಂಡವನ್ನೇ ನಡೆದು ದಾಟಿ, ಅರಬ್ಬೀ ಸಮುದ್ರವನ್ನೂ ದಾಟಿ, ಸಹ್ಯಾದ್ರಿ ಹತ್ತಿತು. ತಾಳ ಅಷ್ಟು ದೂರ ಕೈಯಿಂದ ಕೈಗೆ ಬದುಕಿ ಬಂತೇ ಎಂಬುದಕ್ಕೆ ರಕ್ತಪರೀಕ್ಷೆ ಉತ್ತರ ಕೊಡದು. ಆದರೆ ಕೇಳುವ ಹಕ್ಕಾದರೂ ನನಗೆ ಸಿಕ್ಕಿತು.

ಇದೇ ಯಲ್ಲಾಪುರ ಸೀಮೆಯ ಮಂಚೀಕೇರಿಯಲ್ಲಿ 1980ರ ದಶಕದಲ್ಲಿ ನೀನಾಸಂನವರು ಸಿದ್ದಿಗಳನ್ನೇ ಕಟ್ಟಿಕೊಂಡು ನೈಜೀರಿಯಾದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಕನ್ನಡದ ರಂಗಕ್ಕೆ ತಂದರು. ಹೈಲೈಫ್ ಕುಣಿದ ನಾಡಿನ ಕತೆ, ಡಮಾಮಿ ಬಾರಿಸುವ ಕೈಗಳಲ್ಲಿ, ಕನ್ನಡದಲ್ಲಿ. ಅಂದು ಆ ಅಂಗಳದಲ್ಲಿ ಕೂತು ನೋಡಿದವರ ಮೇಲೆ ನನಗಿರುವ ಹೊಟ್ಟೆಕಿಚ್ಚು ಇಷ್ಟಿಷ್ಟಲ್ಲ.

ನಾನು ಬೀದರಿನವನು. ನಮ್ಮೂರಿನಲ್ಲೇ ಹಬ್ಶಿ ಕೋಟ್ ಎಂಬ ಗುಡ್ಡ ಇದೆ, ಬಹಮನಿಗಳ ಕಾಲದ ಆಫ್ರಿಕನ್ ಸರದಾರರ ಗೋರಿಗಳಿರುವ ಜಾಗ. ಚಿಕ್ಕಂದಿನಲ್ಲಿ ಅಲ್ಲಿ ಗಾಳಿಪಟ ಹಾರಿಸಿದ್ದೇನೆ. ಹಬ್ಶಿ ಎಂದರೆ ಏನೆಂದು ಯಾರನ್ನೂ ಕೇಳಲಿಲ್ಲ. ಬಿಜಾಪುರದಲ್ಲಿ ಮಂತ್ರಿಯಾಗಿ ಮೆರೆದ ಇಖ್ಲಾಸ್ ಖಾನ್ ಹಬ್ಶಿ. ಶಿರಾದಲ್ಲಿ ಆಳಿ ಅಲ್ಲೇ ಮಣ್ಣಾದ ಮಲಿಕ್ ರಿಹಾನ್ ಹಬ್ಶಿ. ಮೊಗಲರನ್ನು ದಶಕಗಳ ಕಾಲ ದಖನ್ನಿನಾಚೆ ತಡೆದು ನಿಲ್ಲಿಸಿದ ಅಹ್ಮದ್‌ನಗರದ ಮಲಿಕ್ ಅಂಬರ್, ಇಥಿಯೋಪಿಯಾದಲ್ಲಿ ಹುಟ್ಟಿ ಬಾಗ್ದಾದಿನ ಸಂತೆಯಲ್ಲಿ ಮಾರಾಟವಾದ ಹುಡುಗ. ಐದು ನೂರು ವರ್ಷದಿಂದ ಆಫ್ರಿಕಾ ನಮ್ಮ ಪಕ್ಕದ ಮನೆಯಲ್ಲೇ ಇದೆ, ನಾನು ಅಕ್ರಾವನ್ನು ಫೋನಿನಲ್ಲಿ ಹುಡುಕುತ್ತಿದ್ದೆ!

ಈಗಲೂ ಮೆಹದಿಪಟ್ಟಣಂನಿಂದ ಗೋಲ್ಕೊಂಡದ ದಾರಿ ಹಿಡಿದರೆ ಟೋಲಿಚೌಕಿ. ಅಲ್ಲಿ ಓದಲೆಂದು, ವ್ಯಾಪಾರಕ್ಕೆಂದು ಬಂದ ಸುಡಾನಿನವರು, ಸೊಮಾಲಿಯಾದವರು, ನೈಜೀರಿಯಾದವರು ತುಂಬಿದ ಒಂದು ಬಡಾವಣೆ ಇದೆ. ಅದರ ಹೆಸರು ಏನು ಗೊತ್ತೇ? ಪ್ಯಾರಾಮೌಂಟ್ ಕಾಲೊನಿ. ಮೆನ್ಸಾರ ಕ್ಲಬ್ಬಿನ ಹೆಸರೇ. ಇದು ಶುದ್ಧ ಕಾಕತಾಳೀಯ, ಪ್ರಮಾಣ ಮಾಡಿ ಹೇಳುತ್ತೇನೆ; ಆದರೂ ಅಲ್ಲಿಯ ಚಹಾ ಅಂಗಡಿಯಲ್ಲಿ ಯಾರದೋ ಫೋನಿನಿಂದ ಲಾಗೋಸಿನ ಹೊಸ ಹಾಡು ಕೇಳಿ ಬಂದಾಗ ಇರಾನಿ ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತುಬಿಟ್ಟಿತು. ಹಿನ್ನೆಲೆಯಲ್ಲಿ ಅದೇ ತಕಿಟ ತಕಿಟ.

ಬಾರಾತಿನ ರಾತ್ರಿಗೆ ಮರಳುತ್ತೇನೆ. ದಾರಿ ಬಿಡುಗಡೆಯಾಗುವ ಮುಂಚೆ ಆ ಕೊಡದ ಹುಡುಗನದು ಅರ್ಧ ನಿಮಿಷ ವಿಡಿಯೋ ಮಾಡಿಕೊಂಡಿದ್ದೆ. ಮನೆಗೆ ಬಂದವನೇ ಬೆಂಗಳೂರಿನ ಗೆಳೆಯನಿಗೆ ಕಳಿಸಿ, ಕೆಳಗೆ ಉದ್ದಕ್ಕೆ ಬರೆದೆ: ಅಕ್ರಾ, ಆರ್ಮ್‌ಸ್ಟ್ರಾಂಗ್, ಕ್ಲಾವೆ, ನಿನ್ನ ತಕದಿಮಿ, ಎಲ್ಲ ಒಂದೇ ಉಸಿರಿಗೆ. ರಾತ್ರಿ ಒಂದು ಗಂಟೆಗೆ ಉತ್ತರ ಬಂತು. “ಕೊಡ ಎಷ್ಟು ದೊಡ್ಡದು ಮಾರಾಯಾ?”

ಆ ಭಾನುವಾರ ಎ.ಸಿ. ಗಾರ್ಡ್ಸ್‌ಗೆ ಹೋದಾಗ ಡೋಲು ಕಟ್ಟುತ್ತ ಕೂತಿದ್ದ ಹುಡುಗರ ಮುಂದೆ ನನ್ನ ಬಾಯಿಂದ ಮೊದಲು ಹೊರಟದ್ದು ಅದೇ ಪ್ರಶ್ನೆ. ಒಬ್ಬ ನಕ್ಕು ಎರಡೂ ಕೈ ಅಗಲಿಸಿ ತೋರಿಸಿದ. ಹದಿನೈದು ಲೀಟರು ಹಿಡಿಯುವಷ್ಟು, ತಳ ದಪ್ಪ ಇರಬೇಕು, ಬೇಗಂ ಬಜಾರಿನಲ್ಲಿ ತೂಕಕ್ಕೆ ಸಿಗುತ್ತದೆ, ಕೊಳ್ಳುವ ಮುಂಚೆ ಬಡಿದು ನೋಡಬೇಕು.